ಜೀವ ಹಿಡಿಯುವ ಅಟ್ರೋಪಿನ್

ಸಿಂಧನೂರಿನ ಎಡದಂಡೆ ಕಾಲುವೆಯ ಭತ್ತ, ಲಿಂಗಸುಗೂರು, ಮಸ್ಕಿಯ ಹತ್ತಿ, ತೊಗರಿ: ಎಲ್ಲಕ್ಕೂ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಸೀಮೆ ಇದು. ಅದರಲ್ಲಿನ ಆರ್ಗನೋಫಾಸ್ಫೇಟ್ ವಿಷ ಮೈಗೇರಿದರೆ ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಶ್ವಾಸಕೋಶ ತನ್ನದೇ ನೀರಲ್ಲಿ ಮುಳುಗುತ್ತದೆ. ಆಗ ನೆರವಿಗೆ ಬರುವುದು 0.6 ಮಿಲಿಗ್ರಾಂನ ಅಟ್ರೋಪಿನ್ ಆಂಪೂಲ್. ನಮ್ಮ ಬೇಲಿಯ ಉಮ್ಮತ್ತಿಯಲ್ಲೂ ಇರುವ ಈ ವಿಷ, ಮೈಯಲ್ಲಿ ಉಕ್ಕಿದ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕಕ್ಕೆ ಬಾಗಿಲು ಮುಚ್ಚುತ್ತದೆ.

ಒಂದೆರಡು ಸಾಲದು. ಐದೈದು ನಿಮಿಷಕ್ಕೆ ಪ್ರಮಾಣ ದುಪ್ಪಟ್ಟು ಮಾಡುತ್ತ, ಎದೆಯ ಗೊರಗೊರ ನಿಂತು ನಾಡಿ 80 ದಾಟುವವರೆಗೆ ಕೊಡಬೇಕು. ಹೆಚ್ಚಾದರೆ ಜ್ವರ, ಬಡಬಡಿಕೆ. ಹಾಗಾಗಿ ರಾತ್ರಿಯಿಡೀ ಸ್ಟೆತಾಸ್ಕೋಪ್ ಹಿಡಿದು ಕೂರುವ ವೈದ್ಯರು, ನರ್ಸ್‌ಗಳ ಕಿವಿಯೂ ಈ ಮದ್ದಿನ ಭಾಗವೆಂದೇ ನನ್ನ ಎಣಿಕೆ. ಸ್ನಾಯುಗಳ ನಿತ್ರಾಣವನ್ನು ಮಾತ್ರ ಇದು ಕಳೆಯದು. ಉಸಿರಾಟ ಸೋತರೆ ವೆಂಟಿಲೇಟರೇ ಬೇಕು.