ಆನೆಯ ಸಾವೂ ಅಧಿಕಾರಿಯ ವಿದ್ಯಾಭ್ಯಾಸವೂ

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಲ್ಲಿ ಅನೇಕರಿಗೆ ಜಾರ್ಜ್ ಆರ್ವೆಲ್ಲನ ‘ಷೂಟಿಂಗ್ ಆನ್ ಎಲಿಫೆಂಟ್’ ಎಂಬ ಪ್ರಬಂಧವು ಪರಿಚಿತವಾಗಿರಬಹುದು. ಆನೆಯೊಂದನ್ನು ಗುಂಡಿಕ್ಕಿ ಕೊಂದ ಪೊಲೀಸ್ ಅಧಿಕಾರಿಯ ಕಥನವದು. 1936ರಲ್ಲಿ ‘ನ್ಯೂ ರೈಟಿಂಗ್’ ಎಂಬ ಪತ್ರಿಕೆಯಲ್ಲಿ ಮೊದಲು ಪ್ರಕಟವಾಯಿತು. ವಿಮರ್ಶಕರು ಇದನ್ನು ಸಾಮ್ರಾಜ್ಯಶಾಹಿಯ ಖಂಡನೆಯೆಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲ. ಆದರೆ ಸಾಮ್ರಾಜ್ಯವು ಅಳಿದು ಎಷ್ಟೋ ಕಾಲವಾದ ಮೇಲೂ ಪ್ರಬಂಧವು ನಮ್ಮನ್ನು ಬಿಡದೆ ಕಾಡುವುದಾದರೆ, ಅದರೊಳಗೆ ಸಾಮ್ರಾಜ್ಯದೊಡನೆ ಅಳಿಯದ ಬೇರೊಂದು ಪ್ರಶ್ನೆ ಇರಲೇಬೇಕು. ಅಧಿಕಾರದ ಉಡುಪನ್ನು ತೊಟ್ಟು ಜನರ ಮುಂದೆ ನಿಂತವನಿಗೆ ಯಾವ ವಿದ್ಯೆಯನ್ನು, ಎಷ್ಟು ಕಾಲದವರೆಗೆ ಕಲಿಸಬೇಕು ಎಂಬುದೇ ಆ ಪ್ರಶ್ನೆಯೆಂದು ನಮಗೆ ತೋರುತ್ತದೆ. ಪ್ರಕೃತ ಲೇಖನದಲ್ಲಿ ಪ್ರಬಂಧವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಆರ್ವೆಲ್ಲನ ನಿಜನಾಮಧೇಯವು ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು 1903ರಲ್ಲಿ, ನಮ್ಮ ದೇಶದ ಬಿಹಾರ ಪ್ರಾಂತದ ಮೋತಿಹಾರಿಯಲ್ಲಿ. ತಂದೆಯು ಸರಕಾರದ ಅಫೀಮು ಇಲಾಖೆಯಲ್ಲಿದ್ದವನು. ಮಗನು ಈಟನ್ನಿನಲ್ಲಿ ಓದಿ, ವಿಶ್ವವಿದ್ಯಾಲಯಕ್ಕೆ ಹೋಗದೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1922ರಲ್ಲಿ, ಇಂಡಿಯನ್ ಇಂಪೀರಿಯಲ್ ಪೊಲೀಸಿಗೆ ಸೇರಿ ಬರ್ಮಾ ದೇಶಕ್ಕೆ ಹೋದನು. ಮಾಂಡಲೆಯ ಪೊಲೀಸ್ ತರಬೇತಿ ಶಾಲೆಯಲ್ಲಿ ಕಾನೂನನ್ನೂ ದೇಶಭಾಷೆಯನ್ನೂ ಇಲಾಖೆಯ ಕಾರ್ಯವಿಧಾನವನ್ನೂ ಕಲಿತನು. ಆಮೇಲೆ ಊರಿಂದೂರಿಗೆ ವರ್ಗವಾಗುತ್ತ ಐದು ವರ್ಷ ಕಳೆದು, 1927ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಮರಳಿದವನು ಮತ್ತೆ ಹೋಗಲಿಲ್ಲ. ಪ್ರಬಂಧದ ಘಟನೆ ನಡೆಯುವುದು ದಕ್ಷಿಣ ಬರ್ಮಾದ ಮೌಲ್ಮೀನ್ ಎಂಬ ಪಟ್ಟಣದಲ್ಲಿ. ನಿರೂಪಕನು ಅಲ್ಲಿಯ ಉಪವಿಭಾಗದ ಪೊಲೀಸ್ ಅಧಿಕಾರಿ.

ಕಥೆ ಸರಳವಾದದ್ದು. ಸಾಕಿದ ಆನೆಯೊಂದು ಮದವೇರಿ ಸರಪಳಿ ಹರಿದುಕೊಂಡು ಊರೊಳಗೆ ನುಗ್ಗಿದೆ. ಮಾವುತನು ತಪ್ಪು ದಿಕ್ಕಿಗೆ ಹುಡುಕಿಕೊಂಡು ಹೋಗಿದ್ದಾನೆ. ಆನೆಯು ಒಂದು ಬಿದಿರಿನ ಗುಡಿಸಲನ್ನು ಕೆಡಹಿ, ಒಂದು ಹಸುವನ್ನು ಕೊಂದು, ಕೊನೆಗೆ ತೆಲುಗು ಕರಾವಳಿಯಿಂದ ಹೊಟ್ಟೆಪಾಡಿಗೆ ಹೋಗಿದ್ದ ಒಬ್ಬ ಕೂಲಿಯನ್ನು ಕೆಸರಿನಲ್ಲಿ ತುಳಿದು ಕೊಂದಿದೆ. ಅಧಿಕಾರಿಯು ಆತ್ಮರಕ್ಷಣೆಗೆಂದು ಆನೆಕೋವಿಯನ್ನು ತರಿಸಿಕೊಳ್ಳುತ್ತಾನೆ. ಕೋವಿಯನ್ನು ಕಂಡೊಡನೆ ಊರಿಗೆ ಊರೇ ಹಿಂದೆ ಬೀಳುತ್ತದೆ. ಕಡಿಮೆಯೆಂದರೂ ಎರಡು ಸಾವಿರ ಜನ. ಗದ್ದೆಯಂಚಿಗೆ ಹೋಗಿ ನೋಡಿದರೆ ಆನೆಯು ಸಾಧುವಾಗಿ ಹುಲ್ಲು ಮೇಯುತ್ತಿದೆ. ಅದರ ಮದವು ಇಳಿಯುತ್ತಿತ್ತು. ಏರುತ್ತಿದ್ದುದು ಬೆನ್ನ ಹಿಂದಿನ ಜನರ ಕುತೂಹಲ. ಕೊಲ್ಲಬೇಕಾಗಿಲ್ಲವೆಂದು ಅವನಿಗೆ ನೋಡಿದ ಕೂಡಲೆ ನಿಶ್ಚಯವಾಗುತ್ತದೆ. ಆದರೂ ಕೊಲ್ಲುತ್ತಾನೆ. ಎಲ್ಲಿಗೆ ಗುರಿಯಿಡಬೇಕೆಂಬುದನ್ನು ಸರಿಯಾಗಿ ಅರಿಯದೆ ಹೊಡೆದುದರಿಂದ ಆ ಮಹಾಪ್ರಾಣಿಯು ಅರ್ಧ ತಾಸು ನರಳಿ ಸಾಯುತ್ತದೆ.

ಇಲ್ಲಿ ಸಹೃದಯನು ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಅಧಿಕಾರಿಗೆ ಸರಿಯಾದ ವಿಧಾನವು ತಿಳಿಯದೆ ಇರಲಿಲ್ಲ. ಇಪ್ಪತ್ತೈದು ಗಜದಷ್ಟು ಹತ್ತಿರಕ್ಕೆ ನಡೆದುಹೋಗಿ ಪರೀಕ್ಷಿಸುವುದು. ಮೇಲೆ ಬಿದ್ದರೆ ಹೊಡೆಯುವುದು. ಸುಮ್ಮನಿದ್ದರೆ ಮಾವುತನು ಬರುವವರೆಗೆ ಕಾಯುವುದು: ಇಷ್ಟನ್ನೂ ಅವನು ಮನಸ್ಸಿನಲ್ಲಿ ಕ್ರಮವಾಗಿ ಹೇಳಿಕೊಳ್ಳುತ್ತಾನೆ. ‘ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು’ ಎಂಬುದು ನಮ್ಮವರ ಗಾದೆ. ಅವನ ಲೆಕ್ಕದಲ್ಲಾದರೋ ಬದುಕಿದ ಆನೆಗೆ ನೂರು ಪೌಂಡು, ಸತ್ತ ಆನೆಗೆ ದಂತದ ಬೆಲೆಯಾದ ಐದು ಪೌಂಡು ಮಾತ್ರ. ಹೀಗೆ ವಿಧಾನವೂ ತಿಳಿದಿದೆ, ಲಾಭನಷ್ಟವೂ ತಿಳಿದಿದೆ. ಅವನನ್ನು ಸೋಲಿಸಿದುದು ಅಜ್ಞಾನವಲ್ಲ. ಕೋವಿ ಹಿಡಿದು ಅಷ್ಟು ದೂರ ಬಂದು ಸುಮ್ಮನೆ ಹಿಂತಿರುಗಿದರೆ ಜನರು ನಕ್ಕಾರು ಎಂಬ ಒಂದೇ ಭಯವು ಅವನನ್ನು ಸೋಲಿಸಿತು. ಎರಡು ಸಾವಿರ ಜನರನ್ನು ಆಳಲು ನಿಂತವನು ಆ ಕ್ಷಣದಲ್ಲಿ ಅವರ ಕೈಯ ಸೂತ್ರದ ಗೊಂಬೆಯಾದನು.

ಲೋಕದ ಮಾತಿಗೆ ಅಂಜಿದ ನಾಯಕನ ಕಥೆಯು ಕನ್ನಡಿಗರಿಗೆ ಹೊಸತಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತಾಪರಿತ್ಯಾಗದ ಪ್ರಸಂಗವನ್ನು ಕೇಳಿ ಕಣ್ಣೊರಸಿಕೊಳ್ಳದ ಮನೆಯು ನಮ್ಮಲ್ಲಿ ಅಪರೂಪವಾಗಿತ್ತು. ಅಲ್ಲಿ ಲೋಕಾಪವಾದಕ್ಕೆ ಅಂಜಿದ ರಾಜನು ತನ್ನ ಪ್ರಿಯವಸ್ತುವನ್ನೇ ಕಳೆದುಕೊಂಡು ದುಃಖವನ್ನು ತಾನೂ ಉಣ್ಣುತ್ತಾನೆ. ಆರ್ವೆಲ್ಲನ ಅಧಿಕಾರಿಗೆ ಅಂಥ ಶಿಕ್ಷೆಯೂ ಇಲ್ಲ. ಅವನ ಬೆನ್ನಿಗೆ ಕಾನೂನು ಬರುತ್ತದೆ. ಒಡೆಯನ ಹತೋಟಿಗೆ ಸಿಕ್ಕದ ಹುಚ್ಚು ಆನೆಯನ್ನು ಕೊಲ್ಲಬಹುದು, ಮನುಷ್ಯನೊಬ್ಬನು ಸತ್ತಿದ್ದಾನೆ, ಆದುದರಿಂದ ಕೊಂದದ್ದು ಸರಿ. ಕೂಲಿಯವನು ಸತ್ತದ್ದು ಒಳ್ಳೆಯದೇ ಆಯಿತೆಂದು, ತನ್ನ ಕೃತ್ಯಕ್ಕೆ ಅದರಿಂದ ಆಧಾರ ಸಿಕ್ಕಿತೆಂದು, ತಾನು ಸಂತೋಷಪಟ್ಟುದನ್ನು ನಿರೂಪಕನು ಮುಚ್ಚಿಡದೆ ಒಪ್ಪಿಕೊಳ್ಳುತ್ತಾನೆ. ಇಡೀ ಪ್ರಬಂಧದಲ್ಲಿ ಇದಕ್ಕಿಂತ ಭಯಂಕರವಾದ ಮಾತಿಲ್ಲ. ಇದಕ್ಕಿಂತ ಪ್ರಾಮಾಣಿಕವಾದ ಮಾತೂ ಇಲ್ಲ.

ಠಾಣೆಯ ದಿನಚರಿಯಲ್ಲಿ ಇಂಥ ಘಟನೆ ಹೇಗೆ ದಾಖಲಾಗುತ್ತದೆಂಬುದನ್ನು ವಾಚಕರು ಊಹಿಸಬಹುದು: ಸಮಯ, ಸ್ಥಳ, ಹಾನಿ, ಕೈಗೊಂಡ ಕ್ರಮ, ಅದಕ್ಕೆ ಕಾನೂನಿನ ಆಧಾರ. ಅದರಲ್ಲಿ ಒಂದಕ್ಷರವೂ ಸುಳ್ಳಾಗಿರಬೇಕಿಲ್ಲ. ಆದರೂ ಕೃತ್ಯದ ನಿಜವಾದ ಕಾರಣವು ಅದರಲ್ಲಿ ಬರುವುದಿಲ್ಲ. ಪ್ರಬಂಧವು ಅದೇ ಘಟನೆಯ ಎರಡನೆಯ ದಿನಚರಿ. ಮೊದಲನೆಯದನ್ನು ಬರೆಯುವುದನ್ನು ಮಾಂಡಲೆಯ ಶಾಲೆಯಂಥವು ಕಲಿಸಬಲ್ಲವು. ಎರಡನೆಯದನ್ನು ಬರೆಯಲು ಆರ್ವೆಲ್ಲನು ನೌಕರಿಯನ್ನೇ ಬಿಡಬೇಕಾಯಿತು, ವರ್ಷಗಟ್ಟಲೆ ಕಾಯಬೇಕಾಯಿತು, ಲೇಖಕನಾಗಬೇಕಾಯಿತು. ಇಲಾಖೆಯಲ್ಲಿ ಉಳಿದವರೂ ಲೇಖಕರಾಗದವರೂ ತಮ್ಮ ಎರಡನೆಯ ದಿನಚರಿಯನ್ನು ಎಲ್ಲಿ ಬರೆಯಬೇಕು? ಅಧಿಕಾರಿಗಳ ಮುಂದುವರಿದ ಶಿಕ್ಷಣದ ಸಮಸ್ಯೆಯೆಲ್ಲವೂ ಈ ಪ್ರಶ್ನೆಯಲ್ಲಿ ಅಡಗಿದೆಯೆಂದು ನಮ್ಮ ಮತ.

ಹಾಗೆಂದು ಪ್ರಬಂಧವು ನಿರ್ದೋಷವೆಂದು ಹೇಳಲಾಗದು. ಸತ್ತ ಕೂಲಿಗೆ ಇದರಲ್ಲಿ ಹೆಸರಿಲ್ಲ. ಆನೆಯ ಒಡೆಯನು ಭಾರತೀಯನು. ಕೋಪಗೊಂಡನಾದರೂ ಏನೂ ಮಾಡಲಾರದವನೆಂದು ಒಂದು ವಾಕ್ಯದಲ್ಲಿ ಅವನ ಕಥೆ ಮುಗಿಯುತ್ತದೆ. ಎರಡು ಸಾವಿರ ಬರ್ಮೀಯರು ಒಂದೇ ಮುಖದ ಒಂದೇ ಸಮುದ್ರವಾಗಿ ಕಾಣುತ್ತಾರೆ. ಅವರೊಳಗೆ ಆನೆಯನ್ನು ಕೊಲ್ಲಬೇಡಿರೆಂದು ಬಯಸಿದವನು ಒಬ್ಬನಾದರೂ ಇದ್ದನೆ, ನಿರೂಪಕನು ಅಂಥವನೊಬ್ಬನನ್ನು ಮಾತನಾಡಿಸಿ ನೋಡಿದನೆ ಎಂಬ ವಿಚಾರವೇ ಏಳುವುದಿಲ್ಲ. ತನ್ನ ನಾಚಿಕೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಇತರರ ನಷ್ಟವನ್ನು ಅಷ್ಟು ಸೂಕ್ಷ್ಮವಾಗಿ ಕಾಣಲಿಲ್ಲ. ಆತ್ಮನಿಂದೆಯೂ ಒಂದು ಬಗೆಯ ಆತ್ಮಾಭಿಮಾನವಾಗಬಲ್ಲದು. ಆದುದರಿಂದ ಈ ಪ್ರಬಂಧವನ್ನು ಅಧಿಕಾರಿಗಳಿಗೆ ಪಾಠವಾಗಿಡುವ ಗುರುವು ಅಲ್ಲಿಗೇ ನಿಲ್ಲಲಾಗದು. ಕೂಲಿಯ ಹೆಂಡತಿಯು, ಮಾವುತನು, ಒಡೆಯನು ಈ ಕಥೆಯನ್ನು ಹೇಗೆ ಹೇಳುತ್ತಿದ್ದರೆಂದು ಶಿಷ್ಯರಿಂದಲೇ ಬರೆಸಬೇಕು. ನಾಯಕತ್ವದ ಪಾಠವು ಆಗ ಪೂರ್ಣವಾದೀತು.

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಸ್ವಾತಂತ್ರ್ಯದ ಮರುವರ್ಷವೇ, 1948ರಲ್ಲಿ, ಮೌಂಟ್ ಆಬುವಿನಲ್ಲಿ ಕೇಂದ್ರ ಪೊಲೀಸ್ ತರಬೇತಿ ಕಾಲೇಜು ಹುಟ್ಟಿತು. ಅದೇ 1975ರಲ್ಲಿ ಹೈದರಾಬಾದಿಗೆ ಬಂದು, ಇಂದು ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯೆಂದು ಪ್ರಸಿದ್ಧವಾಗಿದೆ. ಅನುಭವಿಗಳಾದ ಅಧಿಕಾರಿಗಳಿಗಾಗಿ ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಪೊಲೀಸ್ ಕಾಲೇಜು ತೆರೆದದ್ದೂ 1948ರಲ್ಲಿಯೇ ಎಂಬುದನ್ನು ನೆನೆದರೆ, ಆರ್ವೆಲ್ಲನ ಕಾಲದಲ್ಲಿ ಆಳುವವರ ದೇಶಕ್ಕೂ ಈ ವಿದ್ಯೆಯು ಹೊಸತಾಗಿತ್ತೆಂದು ತಿಳಿಯುತ್ತದೆ. 1971ರಲ್ಲಿ ಸಮಾಜಶಾಸ್ತ್ರಜ್ಞರಾದ ಪ್ರೊಫೆಸರ್ ಎಂ. ಎಸ್. ಗೋರೆಯವರ ಅಧ್ಯಕ್ಷತೆಯಲ್ಲಿ ಭಾರತ ಸರಕಾರವು ಪೊಲೀಸ್ ತರಬೇತಿಯ ಸಮಿತಿಯೊಂದನ್ನು ನೇಮಿಸಿತು. ಕವಾಯತು ಮತ್ತು ಕಾನೂನಿನಷ್ಟೇ ಮನೋಭಾವದ ಶಿಕ್ಷಣವೂ ಮುಖ್ಯವೆಂಬುದು 1973ರಲ್ಲಿ ಬಂದ ಅದರ ವರದಿಯ ಸಾರ. ಭಾರತೀಯ ಪೊಲೀಸ್ ಸೇವೆಯವರನ್ನು ವೃತ್ತಿಜೀವನದ ನಡುವಿನ ಬೇರೆ ಬೇರೆ ಘಟ್ಟಗಳಲ್ಲಿ ಅಕಾಡೆಮಿಗೆ ಮರಳಿ ಕರೆದು ಪಾಠ ಹೇಳುವ ಕ್ರಮವು 2010ರಿಂದ ನಡೆದುಬಂದಿದೆ. ಬಡ್ತಿಗೂ ಈ ಪಾಠಗಳಿಗೂ ನಿಯಮದ ಗಂಟು ಬಿದ್ದಿದೆ.

ಮರುಪಾಠವು ಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಸಂಶಯವಿಲ್ಲ. 2024ರ ಜುಲೈ 1ರಂದು ಮೂರು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಾಗ, ಕೊಲೆಗೆ ‘302’ ಎಂದು ಬಾಯಿಪಾಠ ಮಾಡಿದ್ದ ಕೈಗಳು ‘103’ ಎಂದು ಬರೆಯುವುದನ್ನು ಕಲಿಯಬೇಕಾಯಿತು. ಮಾಹಿತಿಯು ಬದಲಾದರೆ ಪಾಠವನ್ನು ಹೊಸದಾಗಿ ಹೇಳಬಹುದು. ಪರೀಕ್ಷೆ ಇಟ್ಟು ಅಂಕ ಕೊಡಬಹುದು. ಆದರೆ ಗದ್ದೆಯಂಚಿನಲ್ಲಿ ನಿಂತವನಿಗೆ ಬೇಕಾಗಿದ್ದುದು ಕಲಮಿನ ಸಂಖ್ಯೆಯಲ್ಲ. ನಗೆಯನ್ನು ಸಹಿಸಿಕೊಂಡು ಹಿಂದಕ್ಕೆ ನಡೆಯುವ ಧೈರ್ಯವು ಅವನಿಗೆ ಬೇಕಾಗಿತ್ತು. ಮುನ್ನುಗ್ಗುವುದನ್ನು ಕಲಿಸುವ ಶಾಲೆಗಳು ಬಹಳ. ಹಿಂದಿರುಗುವುದನ್ನು ಕಲಿಸುವವು ವಿರಳ. ಆರ್ವೆಲ್ಲನ ಅಧಿಕಾರಿಗೆ ನಗುವ ಜನರು ಎರಡು ಸಾವಿರ. ಇಂದು ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು ಇದ್ದು, ನಗುವವರ ಸಂಖ್ಯೆಗೆ ಮಿತಿಯಿಲ್ಲ. ‘ಕೂಡಲೆ ಏನಾದರೂ ಮಾಡಿರಿ’ ಎಂದು ಒತ್ತಾಯಿಸುವ ಗುಂಪು ಈಗ ಬೆನ್ನ ಹಿಂದೆ ಮಾತ್ರವಲ್ಲ, ಜೇಬಿನೊಳಗೂ ಇದೆ. ಮುಂದೆ ನಿಂತಿರುವುದು ಆನೆಯಾಗಿರದೆ ಮನುಷ್ಯನಾಗಿದ್ದರೆ ಈ ಭಯದ ಬೆಲೆ ಎಷ್ಟಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಿಮರ್ಶಕನು ಇಲಾಖೆಗೆ ಆಜ್ಞೆ ಹೊರಡಿಸಲಾರನು; ಓದಿನಿಂದ ಸಹಜವಾಗಿ ಹೊರಡುವ ಸೂಚನೆಯನ್ನಷ್ಟೇ ಕೊಡಬಲ್ಲನು. ಮರುಪಾಠದ ಶಿಬಿರಗಳಲ್ಲಿ ಅಂಕವೂ ಶ್ರೇಣಿಯೂ ಇಲ್ಲದ ಕೆಲವು ಗಂಟೆಗಳಿರಲಿ. ಆ ಹೊತ್ತಿನಲ್ಲಿ ಅನುಭವಿಯಾದ ಅಧಿಕಾರಿಯು, ಕಾನೂನಿನ ದೃಷ್ಟಿಯಿಂದ ಸರಿಯಾಗಿಯೂ ತನ್ನ ಮನಸ್ಸಾಕ್ಷಿಗೆ ತಪ್ಪಾಗಿಯೂ ಕಂಡ ತನ್ನ ಒಂದು ಕೃತ್ಯವನ್ನು ಸಮಾನರ ಮುಂದೆ ಹೇಳಲಿ. ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಹೇಳಿದ ಮಾತು ನಾಳೆ ವಿಚಾರಣೆಯ ಕಾಗದವಾದರೆ? ಮೇಲಧಿಕಾರಿಯು ಅದೇ ಕೋಣೆಯಲ್ಲಿದ್ದರೆ? ಬಡ್ತಿಯ ಗಂಟು ಬಿದ್ದ ಶಿಬಿರದಲ್ಲಿ ಯಾರು ಬಾಯಿ ಬಿಟ್ಟಾರು? ಈ ಆಕ್ಷೇಪಗಳು ನಿಜವಾದವು. ಅಪರಾಧವನ್ನು ಮುಚ್ಚುವ ಮರೆಯಾಗಿ ಇಂಥ ಗೋಷ್ಠಿಯು ಬಳಕೆಯಾಗಬಾರದೆಂಬುದೂ ಅಷ್ಟೇ ನಿಜ, ಅಪರಾಧಕ್ಕೆ ನ್ಯಾಯಾಲಯವಿದೆ. ನಾವು ಹೇಳುತ್ತಿರುವುದು ನ್ಯಾಯಾಲಯವು ಮುಟ್ಟಲಾಗದ ದೋಷಗಳ ಮಾತು. ತನ್ನದೇ ಕಥೆಯನ್ನು ಹೇಳಲು ಹಿಂಜರಿಯುವವನಿಗಾಗಿಯೇ ಸಾಹಿತ್ಯವಿರುವುದು: ಮೊದಲು ಮೌಲ್ಮೀನಿನ ಅಧಿಕಾರಿಯ ಕಥೆಯನ್ನು ಓದಿ ಚರ್ಚಿಸಲಿ, ಇನ್ನೊಬ್ಬನ ನಾಚಿಕೆಯನ್ನು ಕುರಿತು ಮಾತನಾಡುತ್ತ ಮನುಷ್ಯನು ತನ್ನದರ ಬಾಗಿಲನ್ನು ತಾನೇ ತೆರೆಯುತ್ತಾನೆ.

ಇನ್ನೊಂದು ಮಾತು. ನಾಯಕತ್ವದ ಶಿಕ್ಷಣವೆಂದೊಡನೆ ನಮ್ಮ ದೃಷ್ಟಿಯು ಹೈದರಾಬಾದಿನ ಕಡೆಗೆ ಹರಿಯುತ್ತದೆ. ಆದರೆ ಗುಂಪಿನ ಮುಂದೆ ಮೊದಲು ನಿಲ್ಲುವವರು ಹಿರಿಯ ಅಧಿಕಾರಿಗಳಲ್ಲ. ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ ಕಲಿತು ಬಂದ ಸಬ್ ಇನ್ಸ್‌ಪೆಕ್ಟರರು, ಅವರಿಗಿಂತ ಮೊದಲು ಹೆಡ್ ಕಾನ್‌ಸ್ಟೇಬಲ್ಲರು, ಎಲ್ಲರಿಗಿಂತ ಮೊದಲು ಕಾನ್‌ಸ್ಟೇಬಲ್ಲರು. ಆ ಕ್ಷಣದ ನಾಯಕರು ಅವರೇ. ಇಂಗ್ಲಿಷ್ ಪ್ರಬಂಧವು ಅವರಿಗೆ ಮುಟ್ಟದಿದ್ದರೆ ಕನ್ನಡದಲ್ಲಿ ಹೇಳೋಣ. ಆನೆಯ ಮದವನ್ನೂ ಮಾವುತನ ಕಷ್ಟವನ್ನೂ ಹಾಸನ, ಕೊಡಗುಗಳ ಜನರಿಗೆ ವಿವರಿಸಬೇಕಾದ ಅವಶ್ಯಕತೆಯಿಲ್ಲ.

ಪ್ರಬಂಧದ ಕೊನೆಯಲ್ಲಿ ನಿರೂಪಕನು, ತಾನು ಮೂರ್ಖನಂತೆ ಕಾಣಬಾರದೆಂದೇ ಆನೆಯನ್ನು ಕೊಂದುದು ಇತರರಿಗೆ ತಿಳಿಯಿತೋ ಇಲ್ಲವೋ ಎಂದು ಆಲೋಚಿಸುತ್ತಾನೆ. ಸಹೋದ್ಯೋಗಿಗಳು ಅವನ ಕೃತ್ಯವು ಸರಿಯೋ ತಪ್ಪೋ ಎಂದು ವಾದಿಸಿದರೇ ಹೊರತು, ಅದನ್ನು ಏಕೆ ಮಾಡಿದೆಯೆಂದು ಕೇಳಿದವನು ಕಥೆಯಲ್ಲಿ ಒಬ್ಬನೂ ಇಲ್ಲ. ಆ ಒಂದು ಪ್ರಶ್ನೆಯನ್ನು ಸ್ನೇಹದಿಂದ ಕೇಳುವವನು ಇದ್ದಿದ್ದರೆ ಆನೆಯೇನೂ ಬದುಕುತ್ತಿರಲಿಲ್ಲ. ಆದರೆ ಕೇಳಿಸಿಕೊಂಡವನ ಕೈ ಇನ್ನೊಂದು ದಿನ, ಇನ್ನೊಂದು ಗುಂಪಿನ ಮುಂದೆ, ಒಂದು ಗಳಿಗೆ ತಡೆದೀತು. ಆ ಒಂದು ಗಳಿಗೆಯನ್ನು ಗಳಿಸಿಕೊಡುವ ಶಿಕ್ಷಣವೇ ಅಧಿಕಾರಿಗೆ ತಕ್ಕ ಶಿಕ್ಷಣ.