ಮೂರರಿಂದ ಆರು, ಆರರಿಂದ ಮೂರು

ಮೊನ್ನೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಹಳೆಯ ಗೆಳೆಯನ ಮಾತು ಇನ್ನೂ ಕೊರೆಯುತ್ತಿದೆ: 'ಈಗಿನ ಮಕ್ಕಳಿಗೆ ಸರ್ಕ್ಯೂಟ್ ಕಟ್ಟುವುದೆಲ್ಲ ಎಲ್ಲಿ ಬೇಕು ಮಾರಾಯ, ತಾಳ್ಮೆಯೇ ಇಲ್ಲ.'

ನಮಗಿದ್ದದ್ದು ತಾಳ್ಮೆಯೇ? ರೇಡಿಯೊ ಕೊಳ್ಳಲು ದುಡ್ಡಿರಲಿಲ್ಲ, ಅದಕ್ಕೇ ಕಟ್ಟಿದೆವು. ಫೆರೈಟ್ ರಾಡಿಗೆ ಸುತ್ತಿದ ತಂತಿ, ಒಂದು ಗ್ಯಾಂಗ್ ಕಂಡೆನ್ಸರು, ಒಂದು ಓಎ79 ಜರ್ಮೇನಿಯಮ್ ಡಯೋಡು. ಸಿಲಿಕಾನ್ ಡಯೋಡು ಬಾಯಿ ಬಿಡಲು 0.6 ವೋಲ್ಟ್ ಕೇಳುತ್ತದೆ. ಜರ್ಮೇನಿಯಮ್ಮಿಗೆ ಅದರರ್ಧವೂ ಬೇಡ. ಇಯರ್‌ಫೋನಿನಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಗುಂಯ್ ಅಂದರೆ ಆ ರಾತ್ರಿ ನಿದ್ದೆಯಿಲ್ಲ. ಈಗ ಬಿಡಿಭಾಗ ತಂದು ಕಟ್ಟುವುದಕ್ಕಿಂತ ಸಿದ್ಧ ರೇಡಿಯೊವೇ ಅಗ್ಗ. ಹೋಗಿದ್ದು ಆ ಕಾರಣ, ಮಕ್ಕಳ ಆಸೆಯಲ್ಲ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡು ಹಿಡಿದು ಗಿಡಕ್ಕೆ ತಾನಾಗಿ ನೀರು ಬಿಡಿಸುವ ಹುಡುಗನ ಕಣ್ಣಲ್ಲೂ ಅದೇ ಹೊಳಪು ಕಂಡಿದ್ದೇನೆ.

ನನ್ನ ತಕರಾರು ಬೇರೆಯವರ ಮೇಲೆ. ಮಾಡ್ಯೂಲಿಗೆ ಮಾಡ್ಯೂಲು ಸಿಕ್ಕಿಸಿದರೆ ಸಾಕು, ರೆಸಿಸ್ಟರಿನ ಬಣ್ಣ ಓದುವುದು ಕಾಲಹರಣ ಎಂದು ಕಲಿಸುವವರಿದ್ದಾರಲ್ಲ, ಅವರು ಮಕ್ಕಳ ಕೈಯಿಂದ ತುಂಬ ದೊಡ್ಡದೊಂದನ್ನು ಕಿತ್ತುಕೊಳ್ಳುತ್ತಿದ್ದಾರೆ.

ಅದೇನೆಂದು ಕಂಡದ್ದು ಹೀಗೆ. ಪಕ್ಕದ ಮನೆಯ ಹುಡುಗಿ, ಏಳನೇ ತರಗತಿ, ಆರ್ಡುಯಿನೊದಲ್ಲಿ ಎಲ್ಇಡಿ ಮಿಟುಕಿಸಿ ತೋರಿಸಿದಳು. ನಾನು ಬ್ರೆಡ್‌ಬೋರ್ಡಿನ ಮೇಲೆ 555 ಟೈಮರ್ ಇಟ್ಟೆ. ಹಾನ್ಸ್ ಕ್ಯಾಮೆನ್‌ಜಿಂಡ್ ರೂಪಿಸಿದ ಈ ಎಂಟು ಕಾಲಿನ ಚಿಪ್ಪು ಅರ್ಧ ಶತಮಾನ ದಾಟಿದರೂ ಅಂಗಡಿಯ ಡಬ್ಬಿಯಲ್ಲಿ ಸಿಗುತ್ತದೆ. 1ಕೆ, 47ಕೆ ರೆಸಿಸ್ಟರುಗಳು, 100 ಮೈಕ್ರೋಫ್ಯಾರಡ್ ಕಂಡೆನ್ಸರು, ಒಂದು ಎಲ್ಇಡಿ, ಒಂಬತ್ತು ವೋಲ್ಟಿನ ಬ್ಯಾಟರಿ. ಕಂಡೆನ್ಸರಿನ ಮೇಲೆ ಮಲ್ಟಿಮೀಟರು ಹಿಡಿಯಲು ಹೇಳಿದೆ. ಮೂರು, ನಾಲ್ಕು, ಐದು, ಆರು. ಎಲ್ಇಡಿ ಆರಿತು, ಅಂಕಿ ಇಳಿಯತೊಡಗಿತು. ಮೂರಕ್ಕೆ ಬಂದದ್ದೇ ತಡ, ಮತ್ತೆ ಬೆಳಕು.

'ಮೂರೂ ಆರೂ ಯಾಕೆ ಅಂಕಲ್?'

ಚಿಪ್ಪಿನೊಳಗೆ ಸಾಲಾಗಿ ಕೂತ ಮೂರು ಸಮಾನ ರೆಸಿಸ್ಟರುಗಳನ್ನು ಹಾಳೆಯಲ್ಲಿ ಬರೆದೆ. ಒಂಬತ್ತನ್ನು ಮೂರು ಪಾಲು ಮಾಡುವ ರೆಸಿಸ್ಟರುಗಳು. ತುಸು ಹೊತ್ತು ನೋಡಿದಳು. ಮಾತಾಡಲಿಲ್ಲ. ಡಬ್ಬಿ ಕೆದಕಿ 220 ಮೈಕ್ರೋಫ್ಯಾರಡ್ ಹುಡುಕಿ, ಹಳೆಯದನ್ನು ಕಿತ್ತು, ಉದ್ದ ಕಾಲು ಯಾವುದೆಂದು ನೋಡಿಕೊಂಡು ಚುಚ್ಚಿದಳು. ಆಮೇಲೆ ಗೋಡೆಯ ಗಡಿಯಾರದತ್ತ ತಿರುಗಿ, ತುಟಿಯಲ್ಲೇ ಸೆಕೆಂಡು ಎಣಿಸತೊಡಗಿದಳು.