ರಂಗೋಲಿಯ ಹೋಲಿಕೆ ಎಲ್ಲಿಯವರೆಗೆ?

ಸ್ಫಟಿಕಗಳ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ರಂಗೋಲಿ ಸುಲಭವಾಗಿ ಒದಗುವ ರೂಪಕ. ನಾನೂ ಅದನ್ನೇ ಬಳಸಿದೆ. ಕೌಲ್ ಬಜಾರಿನ ನಮ್ಮ ಮನೆಯ ಮುಂದೆ ಅವ್ವ 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟಿದ್ದಳು, ಒಟ್ಟು 37. ಇದು ಷಡ್ಭುಜ ಜಾಲಕ, 60 ಡಿಗ್ರಿ ತಿರುಗಿಸಿದರೂ ಹಾಗೇ ಕಾಣುತ್ತದೆ, ಇಂಥ ಜಾಲಕಕ್ಕೆ ಬ್ರಿಲುವಾನ್ ವಲಯ ಅಂತ ಒಂದಿರುತ್ತದೆ ಎಂದೆ.

“ಚುಕ್ಕಿ ದೂರ ದೂರ ಇಟ್ರೆ ರಂಗೋಲಿ ದೊಡ್ಡದಾಗ್ತೈತಿ. ನಿನ್ನ ವಲಯಾನೂ ದೊಡ್ಡದಾಗ್ತೈತೇನು?”

ಇಲ್ಲ, ಕಿರಿದಾಗುತ್ತದೆ. ಅಂತರ ಇಮ್ಮಡಿಯಾದರೆ ವಲಯದ ಅಗಲ ಅರ್ಧವಾಗುತ್ತದೆ. ನನ್ನ ರೂಪಕ ಮುರಿದದ್ದು ಅಲ್ಲೇ.

ಲಿಯೋನ್ ಬ್ರಿಲುವಾನ್ 1930ರಲ್ಲಿ ವಿವರಿಸಿದ ಈ ವಲಯ ಅಂಗಳದಲ್ಲಿಲ್ಲ. ಸ್ಫಟಿಕದಲ್ಲಿ ಹಾಯುವ ಅಲೆಗಳ ಲೆಕ್ಕದಲ್ಲಿದೆ. ಅಲ್ಲಿಯೂ ಒಂದು ಜಾಲಕವಿದೆ, ವ್ಯುತ್ಕ್ರಮ ಜಾಲಕ. ಇಲ್ಲಿ ಚುಕ್ಕಿಗಳು ದೂರವಾದರೆ ಅಲ್ಲಿ ಹತ್ತಿರವಾಗುತ್ತವೆ. ಅಲ್ಲಿನ ಒಂದು ಚುಕ್ಕಿಗೆ, ಬೇರೆಲ್ಲ ಚುಕ್ಕಿಗಳಿಗಿಂತ ಹತ್ತಿರವಿರುವ ಜಾಗವೇ ಮೊದಲ ವಲಯ. ಸಂದು ಚುಕ್ಕಿಗೆ ಅದೂ ಷಡ್ಭುಜವೇ. ಆದರೆ ಅಂಗಳದಲ್ಲಿ ಪ್ರತಿ ಚುಕ್ಕಿಯ ಪಾಲಿಗೆ ಬರುವ ಷಡ್ಭುಜಕ್ಕಿಂತ 30 ಡಿಗ್ರಿ ತಿರುಗಿರುತ್ತದೆ. ಅಂದರೆ ಸಮ್ಮಿತಿ ಉಳಿಯಿತು, ಅಳತೆ ತಲೆಕೆಳಗಾಯಿತು, ದಿಕ್ಕು ಬದಲಾಯಿತು.

“ಎಲ್ಲವೂ ನಮ್ಮ ರಂಗೋಲಿಯಲ್ಲೇ ಇದೆ” ಎಂಬ ಲೇಖನಗಳ ಬಗ್ಗೆ ನನ್ನ ತಕರಾರು ಇಷ್ಟೇ: ಅವು ಓದುಗರನ್ನು ಅಂಗಳದಲ್ಲೇ ನಿಲ್ಲಿಸಿ ಚಪ್ಪಾಳೆ ಕೇಳುತ್ತವೆ. ಕಷ್ಟದ ಭಾಗ ಇಂಗ್ಲಿಷಿಗೇ ಉಳಿದುಬಿಡುತ್ತದೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಕನ್ನಡದಲ್ಲೇ ಹೇಳಬೇಕು. ಅವ್ವ ಕೇಳಿದ್ದು ಕನ್ನಡದಲ್ಲೇ ಅಲ್ಲವೇ?